ಕೆ.ಜಿ. ಲೆಕ್ಕದ ಕೃಷ್ಣ

ಪುರಾವಸ್ತುಗಳ ನೋಂದಣಿಯ ಹೊಣೆ ಹೊತ್ತ ಅಧಿಕಾರಿಗಳಿಗೆ,
ಮತ್ತು ದೇವರ ಮನೆಯಲ್ಲಿ ಅಜ್ಜಿಯ ಕಾಲದ ವಿಗ್ರಹ ಇಟ್ಟುಕೊಂಡಿರುವ ಬೆಂಗಳೂರಿನವರಿಗೆ,

ನಮಸ್ಕಾರ.

1994ರಲ್ಲಿ ಒಂದು ಭಾನುವಾರ ಹಳೆ ಪೇಪರ್ ಹಾಕಲು ಚಾಮರಾಜಪೇಟೆಯ ಗುಜರಿ ಅಂಗಡಿಯೊಂದಕ್ಕೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದ ಒಬ್ಬರು ಗೋಣಿಚೀಲ ತಂದು ನೆಲಕ್ಕೆ ಸುರಿದರು. ಹಿತ್ತಾಳೆ ತಂಬಿಗೆ, ಕೊಳಗ, ತಳ ಸೋರುವ ಚರಿಗೆ, ನಾಲ್ಕು ಲೋಟ, ಒಂದು ಆರತಿ ತಟ್ಟೆ. ಕೊನೆಗೆ ಠಣ್ ಎಂದು ಬಿದ್ದದ್ದು ಒಬ್ಬ ಅಂಬೆಗಾಲು ಕೃಷ್ಣ. ಒಂದು ಕೈ ನೆಲಕ್ಕೆ ಊರಿದ್ದ. ಇನ್ನೊಂದು ಕೈಯಲ್ಲಿ ಬೆಣ್ಣೆ. ಮೂಗು ಇರಲಿಲ್ಲ. ಮುರಿದು ಹೋಗಿದ್ದಲ್ಲ, ಉಜ್ಜಿ ಉಜ್ಜಿ ಸವೆದು ಹೋಗಿತ್ತು. ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರು. ತಂಬಿಗೆಯ ಪಕ್ಕದಲ್ಲಿ ಕೃಷ್ಣ ಕೂತ.

ನನಗೆ ಬಾಯಿ ಕಟ್ಟಲಿಲ್ಲ. "ದೇವರನ್ನೂ ಹಾಕ್ತಿದ್ದೀರಲ್ಲ ಸ್ವಾಮಿ?" ಎಂದೆ.

"ಏನ್ಮಾಡೋದು ಸಾರ್? ಅಮ್ಮ ಹೋದ್ರು. ಮನೆ ಒಡೀತಿದ್ದಾರೆ. ಪೂಜೆ ಮಾಡೋರು ಯಾರೂ ಇಲ್ಲ. ಇಟ್ಕೊಂಡು ನೈವೇದ್ಯ ಇಲ್ದೆ ಉಪವಾಸ ಕೆಡವೋದು ಬೇಡ ಅಂತ."

ಆ ಮಾತು ಮೂವತ್ತು ವರ್ಷವಾದರೂ ನನ್ನ ಕಿವಿಯಲ್ಲಿ ಇದೆ. ಅವರು ದುಡ್ಡಿನ ಆಸೆಗೆ ಮಾರಲು ಬಂದವರಲ್ಲ. ದೇವರನ್ನು ಉಪವಾಸ ಕೆಡವಿದ ಪಾಪ ಬೇಡ ಎಂದು ಬಂದವರು. ಆ ಕೃಷ್ಣ ಅರ್ಧ ಕೆ.ಜಿ.ಗೆ ಸ್ವಲ್ಪ ಕಡಿಮೆ ಇದ್ದ. ಅವನನ್ನು ಪಕ್ಕಕ್ಕೆ ಎತ್ತಿಸಿ, ತೂಕದ ದುಡ್ಡು ಕೊಟ್ಟು, ಪೇಪರ್ ತಂದಿದ್ದ ಚೀಲದಲ್ಲೇ ಮನೆಗೆ ತಂದೆ. ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಇವನಿಗೆ ಈಗ ನೈವೇದ್ಯ ಯಾರು ಮಾಡ್ತಾರೆ?"

ಅಲ್ಲಿಂದ ಶುರುವಾದ ಚಟ ಇದು. ನಾನು ಬಸವನಗುಡಿಯವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಂದಲೇ ನಿವೃತ್ತನಾದೆ. ದೊಡ್ಡ ಸಂಗ್ರಹಕಾರ ಏನಲ್ಲ. ಹರಾಜಿನಲ್ಲಿ ಕೂತು ಕೈ ಎತ್ತಿದವನಲ್ಲ. ಗೇಣುದ್ದ ಮೀರದ ಹಳೆಯ ಕಂಚು, ಹಿತ್ತಾಳೆ, ಪಂಚಲೋಹದ ಪುಟ್ಟ ವಿಗ್ರಹಗಳು, ಅಷ್ಟೇ. ಈಗ 41 ಇವೆ. ಅವುಗಳಲ್ಲಿ ಒಂದರ ವಿಷಯ ನಿಮಗೆ ಹೇಳಲೇಬೇಕಾಗಿದೆ. ಅದಕ್ಕಾಗಿಯೇ ಈ ಪತ್ರ. ಆದರೆ ಅದನ್ನು ಹೇಳುವ ಮುಂಚೆ ಉಳಿದ ನಲವತ್ತರ ಬಗ್ಗೆ ಸ್ವಲ್ಪ ಹೇಳಿದರೆ ನನ್ನ ಕಷ್ಟ ನಿಮಗೆ ಅರ್ಥವಾಗುತ್ತದೆ.

ಪುಟ್ಟ ವಿಗ್ರಹಗಳಿಗೆ ಜಾತಕ ಇರುವುದಿಲ್ಲ. ದೊಡ್ಡವುಗಳ ಕತೆ ಬೇರೆ. ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನ ಪೀಠದ ಮೇಲೆ ಬರಹ ಇದೆ, ಆಳುಪ ದೊರೆ ಕುಂದವರ್ಮ 968ರಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದ ಎಂದು. ನಮ್ಮ ಅಜ್ಜಿಯರ ಕೃಷ್ಣನಿಗೆ ಹಾಗೆ ಬರೆಸಿದವರು ಯಾರು? ಯಾವುದೋ ಊರಿನ ಕಂಚುಗಾರರು ಮೇಣದಲ್ಲಿ ತಿದ್ದಿದರು. ಮೇಲೆ ಮಣ್ಣು ಮೆತ್ತಿದರು. ಕಾಯಿಸಿ ಮೇಣ ಹರಿಸಿದರು. ಮೇಣ ಬಿಟ್ಟ ಜಾಗಕ್ಕೆ ಲೋಹ ಹೊಯ್ದರು. ಆರಿದ ಮೇಲೆ ಅಚ್ಚು ಒಡೆದರು. ಅಚ್ಚು ಒಡೆದ ಮೇಲೆ ಅದೇ ಕೃಷ್ಣ ಇನ್ನೊಬ್ಬ ಬರುವುದಿಲ್ಲ. ಹಾಗಾಗಿ ಪ್ರತಿ ಮನೆಯ ಕೃಷ್ಣನೂ ಒಬ್ಬನೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸ ಎಂಬ ಗ್ರಂಥದಲ್ಲಿ ಈ ಕೆಲಸವನ್ನು ವಿವರವಾಗಿ ಬರೆದಿದ್ದಾನೆ. ಮೇಣವನ್ನು ತೂಗಿ, ಅದರ ಮೇಲೆ ಲೋಹದ ಲೆಕ್ಕ ಹಾಕಬೇಕು ಎಂದೂ ಹೇಳಿದ್ದಾನೆ. ತಕ್ಕಡಿ ಇದ್ದದ್ದು ಎರಕ ಹೊಯ್ಯುವ ಮನೆಯಲ್ಲಿ. ಈಗ ಗುಜರಿಯಲ್ಲಿದೆ.

ಕೈಗೆ ಬಂದ ವಿಗ್ರಹವನ್ನು ಓದುವುದು ನಿಧಾನಕ್ಕೆ ಬರುವ ವಿದ್ಯೆ. ನಾನು ಮೊದಲು ಬೆನ್ನು ನೋಡುತ್ತೇನೆ. ಮುಖ ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಬೆನ್ನಿನ ಹಿಂದೆ ಜಡೆ, ಹಾರದ ಗಂಟು, ಉಡಿದಾರ ತಿದ್ದಿದ್ದಾರೆ ಎಂದರೆ ಮಾಡಿದವನಿಗೆ ಪುರುಸೊತ್ತಿತ್ತು, ಮಾಡಿಸಿದವರಿಗೆ ಶ್ರದ್ಧೆ ಇತ್ತು ಎಂದು ಅರ್ಥ. ಆಮೇಲೆ ಸವೆತ. ಮನೆಯಲ್ಲಿ ಪೂಜೆಗೊಂಡ ವಿಗ್ರಹ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತೊಳೆಯುವಾಗ ಬೆರಳು ಎಲ್ಲಿ ಜಾಸ್ತಿ ಓಡುತ್ತದೋ ಅಲ್ಲಿ ಸವೆಯುತ್ತದೆ. ಮೂಗು, ಮೊಣಕಾಲು, ಹೊಟ್ಟೆ, ಕಿರೀಟದ ತುದಿ. ಕಂಕುಳಲ್ಲಿ, ಕತ್ತಿನ ಹಿಂದೆ, ಪೀಠದ ಸಂದಿಯಲ್ಲಿ ಮಾತ್ರ ಹಳೆಯ ಗೆರೆಗಳು ಉಳಿದಿರುತ್ತವೆ. ಅಲ್ಲೇ ಗಂಧ, ಕುಂಕುಮ ಗಟ್ಟಿಯಾಗಿ ಕೂತಿರುತ್ತದೆ. ನನ್ನ ಬೆಣ್ಣೆ ಕೃಷ್ಣನ ಮೂಗು ನಾಲ್ಕೈದು ತಲೆಮಾರಿನ ಹೆಂಗಸರ ಹೆಬ್ಬೆರಳು ತಿಂದ ಮೂಗು. ಅದನ್ನು ಯಾರೂ ಅರದಲ್ಲಿ ಉಜ್ಜಿ ತರಲಾರರು.

ತರಲು ನೋಡುತ್ತಾರೆ, ಬಿಡಿ. ಹೊಸ ವಿಗ್ರಹಕ್ಕೆ ಆಸಿಡ್ ಹಚ್ಚಿ, ಉಪ್ಪು ಸವರಿ, ಸಗಣಿ ಗುಂಡಿಯಲ್ಲಿ ಹೂತು ಹಸಿರು ಕಿಲುಬು ಬರಿಸುತ್ತಾರೆ. ಆ ಕಿಲುಬು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ಹಳೆಯದು ಬರುವುದಿಲ್ಲ. ಎರಡು ಭಾಗದ ಅಚ್ಚಿನಲ್ಲಿ ತೆಗೆದ ಕಾರ್ಖಾನೆ ಮಾಲಾದರೆ ಪಕ್ಕೆಯ ಉದ್ದಕ್ಕೂ ಹೊಲಿಗೆಯಂಥ ಗೆರೆ ಇರುತ್ತದೆ. ಅದನ್ನು ಉಜ್ಜಿ ಮರೆಸಿದ ಗುರುತು ಕೈಗೆ ಸಿಗುತ್ತದೆ. ಇಷ್ಟಾದರೂ ಮಾರುವವರ ಬಾಯಲ್ಲಿ ಎಲ್ಲವೂ ಚೋಳರ ಕಾಲದ್ದೇ! ಬೆಂಗಳೂರಿನಲ್ಲಿ ನನಗೆ ತೋರಿಸಿದಷ್ಟು ವಿಗ್ರಹವನ್ನು ಚೋಳರು ನಿಜವಾಗಿ ಹೊಯ್ಸಿದ್ದರೆ ಅವರಿಗೆ ಯುದ್ಧಕ್ಕೆ ಹೋಗಲು ಬಿಡುವೇ ಇರುತ್ತಿರಲಿಲ್ಲ. ಸ್ವಲ್ಪ ಪ್ರಾಮಾಣಿಕರಾದವರು "ವಿಜಯನಗರ ಸಾರ್" ಎನ್ನುತ್ತಾರೆ. ಇನ್ನು ತಾಮ್ರದ ಚೊಂಬು ಅಕ್ಕಿಕಾಳನ್ನು ಎಳೆಯುತ್ತದೆ, ಕೋಟಿ ಬೆಲೆ ಎಂದು ನಂಬಿಸುವ ರೈಸ್ ಪುಲ್ಲಿಂಗ್ ಗುಂಪಿನವರ ಬಗ್ಗೆ ಹೇಳುವುದೇ ಬೇಡ. ಅಂಥವರೊಬ್ಬರು ನಮ್ಮ ಮನೆಗೂ ಬಂದಿದ್ದರು. ಕಾಫಿ ಕುಡಿಸಿ ಕಳಿಸಿದೆ.

ನನಗೆ ಪ್ರೀತಿ ಇರುವುದು ಚೋಳರ ಮೇಲಲ್ಲ. ನಮ್ಮ ಕಡೆಯ ಮನೆಗಳ ಸಣ್ಣ ಸಾಮಾನಿನ ಮೇಲೆ. ಅಂಗೈಯಗಲದ ವೀರಭದ್ರನ ಫಲಕ ಇದೆ. ಕೈಯಲ್ಲಿ ಕತ್ತಿ, ಗುರಾಣಿ, ಕಾಲ ಬಳಿ ಆಡಿನ ತಲೆಯ ದಕ್ಷ. ಕುದುರೆ ಏರಿದ ಮೈಲಾರಲಿಂಗ ಇದೆ, ಹಿಂದೆ ಮಾಳವ್ವ. ಕುದುರೆಯ ಕಾಲ ಕೆಳಗೆ ಪುಟ್ಟ ನಾಯಿಯೂ ಇದೆ. ಗಂಟೆಯ ಹಿಡಿಯಾಗಿ ಕೂತ ಹನುಮಂತ ಇದ್ದಾನೆ, ಗಂಟೆ ಹೋಗಿದೆ, ಹನುಮಂತ ಉಳಿದಿದ್ದಾನೆ. ಮಂಡಿಯೂರಿ ಕೈಮುಗಿದ ಗರುಡ, ಬೆರಳುದ್ದದ ನಂದಿ, ಎರಡು ಕೈಯಲ್ಲಿ ಹಣತೆ ಹಿಡಿದ ದೀಪಲಕ್ಷ್ಮಿ. ತುಳುನಾಡಿನಿಂದ ಬಂದ ಒಂದು ಪುಟ್ಟ ಹಂದಿ, ಪಂಜುರ್ಲಿಯದು. ಒಂದೆರಡು ನಾಗಮಂಗಲದ ಕಡೆಯ ಕೆಲಸ ಇರಬಹುದು ಎಂದು ನನ್ನ ಊಹೆ. ಲೋಹದ ಕೆಲಸಕ್ಕೆ ಆ ಊರು ಹಿಂದಿನಿಂದ ಹೆಸರುವಾಸಿ. ಇವುಗಳಲ್ಲಿ ಮುಕ್ಕಾಲು ಪಾಲು ನನಗೆ ಸಿಕ್ಕಿದ್ದು ಗುಜರಿಯಲ್ಲಿ, ಭಾನುವಾರದ ಸಂತೆಯಲ್ಲಿ, ಹಳೆ ಪಾತ್ರೆಗೆ ಹೊಸ ಸ್ಟೀಲ್ ಕೊಡುವ ಅಂಗಡಿಗಳಲ್ಲಿ. ನಾನು ಹೋಗುವುದು ಒಂದು ದಿನ ತಡವಾಗಿದ್ದರೆ ಕರಗಿ ನಲ್ಲಿ ಆಗಿರುತ್ತಿದ್ದವು. ಸುಮ್ನೆ ಹೇಳುತ್ತಿಲ್ಲ. ಅಂಥ ಅಂಗಡಿಯವರೊಬ್ಬರು ನನಗೆ ಒಂದು ಸಲ, "ಹೋದ ವಾರ ಬರಬೇಕಿತ್ತು ಸಾರ್, ಒಂದು ಮೂಟೆ ದೇವರು ಹೋಯ್ತು" ಎಂದಿದ್ದರು.

ಒಂದು ಮೂಟೆ ದೇವರು!

ಈಗ ನಿಮ್ಮ ಕಾಯ್ದೆಗೆ ಬರುತ್ತೇನೆ. 1972ರ ಪುರಾವಸ್ತು ಮತ್ತು ಕಲಾ ಸಂಪತ್ತಿನ ಕಾಯ್ದೆ, 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ವಿಗ್ರಹ ಪುರಾವಸ್ತು. ಲೋಹದ ವಿಗ್ರಹ ನೋಂದಣಿ ಆಗಲೇಬೇಕಾದ ಪಟ್ಟಿಯಲ್ಲಿದೆ. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ನೋಂದಣಿ ಮಾಡಿಸದೆ ಇಟ್ಟುಕೊಳ್ಳುವುದು ತಪ್ಪು. ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವುದು ತಪ್ಪು. ಒಬ್ಬರಿಂದ ಇನ್ನೊಬ್ಬರ ಕೈಗೆ ಹೋದರೆ ಅಧಿಕಾರಿಗೆ ತಿಳಿಸಬೇಕು. ದೇಶದ ಹೊರಗೆ ಖಾಸಗಿಯವರು ಒಯ್ಯುವ ಹಾಗೇ ಇಲ್ಲ. ಒಯ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಇದೆಲ್ಲ ಬೇಕಾದ ಕಾನೂನೇ. ನನಗೆ ಇದರ ಮೇಲೆ ಜಗಳ ಇಲ್ಲ.

ಆದರೆ ಇದು ಯಾರಿಗೆ ಗೊತ್ತು, ಹೇಳಿ? ನಿಮ್ಮ ಮುತ್ತಜ್ಜನ ಮದುವೆಗೆ 1920ರಲ್ಲಿ ಹೊಯ್ಸಿದ ಲಕ್ಷ್ಮಿಗೆ ನೂರು ದಾಟಿದೆ. ಪ್ರತಿ ಶುಕ್ರವಾರ ಹೂವು ಏರಿಸುವ ನಿಮ್ಮ ಅತ್ತೆಗೆ ತಾವು ಕಾಯ್ದೆಯೊಂದರ ಅಡಿಯಲ್ಲಿ ಬರುತ್ತೇವೆ ಎಂದು ಗೊತ್ತೇ? ನಮ್ಮ ಬೀದಿಯಲ್ಲಿ ಒಂದು ಡಜನ್ ಮನೆಯಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು ಮಾತ್ರ, "ನಮ್ಮದು ದೇವರು ರೀ, ಪುರಾವಸ್ತು ಅಲ್ಲ" ಎಂದು ಬಾಗಿಲು ಹಾಕಿಕೊಂಡರು.

ಕಾಯ್ದೆಯಲ್ಲಿ ಇನ್ನೊಂದು ಸಾಲು ಇದೆ. ಹೊಸದಾಗಿ ಕೈಗೆ ಬಂದ ಪುರಾವಸ್ತುವನ್ನು 15 ದಿನದೊಳಗೆ ನೋಂದಾಯಿಸಬೇಕು. ಇದನ್ನು ಓದಿದಾಗ ನನಗೆ ನನ್ನ ಅಪ್ಪ ಹೋದ ದಿನಗಳು ನೆನಪಾದವು. ನಮ್ಮಲ್ಲಿ ದೇವರ ಪೆಟ್ಟಿಗೆ ಹಿರಿಯ ಮಗನಿಗೆ ಬರುತ್ತದೆ. ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಊಟದ ಎಲೆ ಎತ್ತಿ, ಬಂದವರನ್ನು ಬಸ್ಸಿಗೆ ಹತ್ತಿಸಿ, ಶಾಮಿಯಾನದವರಿಗೆ ದುಡ್ಡು ಕೊಡುವಷ್ಟರಲ್ಲಿ ಹದಿನಾಲ್ಕು ಆಗಿತ್ತು. ಉಳಿದದ್ದು ಒಂದೇ ದಿನ. ಆ ದಿನ ಅಪ್ಪನ ಸಾಲಿಗ್ರಾಮ, ಗಂಟೆ, ವಿಗ್ರಹ ಹಿಡಿದು ಯಾವ ಕಚೇರಿಯ ಮುಂದೆ ನಿಲ್ಲಲಿ? ನಾನು ಮಲಗಿದ್ದೆ.

ಆದರೂ ಕೆಲವು ವರ್ಷಗಳ ಹಿಂದೆ ಧೈರ್ಯ ಮಾಡಿ ಒಂದು ಸರ್ಕಾರಿ ಕಚೇರಿಗೆ ಹೋದೆ. ಯಾವುದು ಎಂದು ಹೇಳುವುದಿಲ್ಲ. ಅಲ್ಲಿದ್ದವರು ಕೆಟ್ಟವರೇನಲ್ಲ, ಕೂರಿಸಿ ನೀರು ಕೊಟ್ಟರು. ಬೆಣ್ಣೆ ಕೃಷ್ಣನನ್ನು ಮೇಜಿನ ಮೇಲೆ ಇಟ್ಟೆ. "ಬಿಲ್ ಎಲ್ಲಿ?" ಎಂದರು. ಗುಜರಿಯಲ್ಲಿ ಬಿಲ್ ಕೊಡುತ್ತಾರೆಯೇ? ಹಾಗೆಂದು ಹೇಳಲು ಬಾಯಿ ಬರಲಿಲ್ಲ. "ಅಜ್ಜಿಯದು" ಎಂದು ಸುಳ್ಳು ಹೇಳಿದೆ. "ಅಜ್ಜಿಯದು ಎನ್ನಲು ಏನಾದರೂ ಕಾಗದ?" ಎಂದರು. ಅಜ್ಜಿಯರು ಕಾಗದ ಬಿಟ್ಟು ಹೋಗುತ್ತಾರೆಯೇ? ಪಕ್ಕದ ಕುರ್ಚಿಯಲ್ಲಿದ್ದವರು ತಮಾಷೆಗೆ, "ಯಾವ ದೇವಸ್ಥಾನದ್ದು ಸಾರ್?" ಎಂದು ನಕ್ಕರು. ಅವರು ನಕ್ಕರು. ನನಗೆ ಮಾತ್ರ ಬೆವರು ಬಂತು. ಮಂಗಳವಾರ ಬನ್ನಿ ಎಂದರು. ಆ ಮಂಗಳವಾರ ನಾನು ಹೋಗಲಿಲ್ಲ.

ಆ ಬೆವರಿನ ವಿಷಯವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಊರಲ್ಲಿ ಎರಡು ತರಹದ ಜನ ಇದ್ದಾರೆ. ಕಾನೂನು ಗೊತ್ತಿಲ್ಲದವರು, ಅವರ ದೇವರು ತಕ್ಕಡಿಗೆ ಹೋಗುತ್ತದೆ. ಕಾನೂನು ಅರ್ಧ ಗೊತ್ತಿರುವವರು, ಅವರ ದೇವರು ಅಟ್ಟಕ್ಕೆ ಹೋಗುತ್ತದೆ. ಅಟ್ಟದಲ್ಲಿ ಇದ್ದದ್ದು ಮುಂದೆ ಮಕ್ಕಳ ಕಾಲಕ್ಕೆ ಮತ್ತೆ ತಕ್ಕಡಿಗೇ. ಈಗಂತೂ ಮಕ್ಕಳು ಸಿಯಾಟಲ್‌ನಲ್ಲೋ ಸಿಡ್ನಿಯಲ್ಲೋ ಇರುತ್ತಾರೆ. ನಮ್ಮ ಎದುರು ಮನೆಯವರ ಮಗಳು ಅಜ್ಜಿಯ ನೆನಪಿಗೆಂದು ಗಣಪತಿಯನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಏರ್‌ಪೋರ್ಟಿಗೆ ಹೋದಳು. ಎಕ್ಸ್‌ರೇಯಲ್ಲಿ ಗಣಪತಿ ಕಂಡ. ಪುರಾವಸ್ತು ಅಲ್ಲ ಎಂಬ ಸರ್ಟಿಫಿಕೇಟ್ ಕೇಳಿದರು. ಅಂಥದ್ದೊಂದು ಇದೆ, ಭಾರತೀಯ ಪುರಾತತ್ವ ಸರ್ವೇಕ್ಷಣೆ ಕೊಡುತ್ತದೆ ಎಂಬುದು ಆ ಮನೆಯವರಿಗೆ ಗೊತ್ತಾದದ್ದೇ ರಾತ್ರಿ ಹನ್ನೊಂದೂವರೆಗೆ, ದೇವನಹಳ್ಳಿಯಲ್ಲಿ. ಗಣಪತಿ ಅಪ್ಪನ ಕಾರಿನಲ್ಲಿ ವಾಪಸ್ ಬಂದ. ಮಗಳು ಅಳುತ್ತಾ ವಿಮಾನ ಹತ್ತಿದಳು.

ಫೋಟೊ ಒಂದು ಇದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಓದುವ ಉಳಿದವರಿಗಾಗಿ ಹೇಳುತ್ತೇನೆ. ತಮಿಳುನಾಡಿನ ಶ್ರೀಪುರಂದನ್ ಎಂಬ ಹಳ್ಳಿಯ ದೇವಸ್ಥಾನದಿಂದ ನಟರಾಜ ಕಳುವಾಯಿತು. ಅಮೆರಿಕದ ವ್ಯಾಪಾರಿ ಸುಭಾಷ್ ಕಪೂರ್ ಕೈ ಸೇರಿ, 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ ಮಾರಾಟವಾಯಿತು. ಬೆಲೆ 56 ಲಕ್ಷ ಆಸ್ಟ್ರೇಲಿಯನ್ ಡಾಲರ್. ಕಾಗದ ಪತ್ರ ಎಲ್ಲ ಸರಿಯಾಗಿ ಕಾಣುವ ಹಾಗೆ ಸೃಷ್ಟಿ ಮಾಡಿದ್ದರು. ಅದನ್ನು ಸುಳ್ಳು ಮಾಡಿದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಎಷ್ಟೋ ವರ್ಷ ಮುಂಚೆ ಆ ದೇವಸ್ಥಾನಕ್ಕೆ ಹೋಗಿ ತೆಗೆದಿಟ್ಟಿದ್ದ ಫೋಟೊ. ನಟರಾಜ 2014ರಲ್ಲಿ ಭಾರತಕ್ಕೆ ವಾಪಸ್ ಬಂದ. ಕಪೂರ್‌ಗೆ ಇಂಥದ್ದೇ ಇನ್ನೊಂದು ವಿಗ್ರಹ ಕಳವಿನ ಕೇಸಿನಲ್ಲಿ 2022ರಲ್ಲಿ ಕುಂಭಕೋಣಂ ಕೋರ್ಟು ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಆ ಫೋಟೊ ತೆಗೆದವರಿಗೆ ಅಂದು ಕಳ್ಳನ ಸುಳಿವೂ ಇರಲಿಲ್ಲ. ಸುಮ್ಮನೆ ಊರೂರು ತಿರುಗಿ, ಕಂಡ ವಿಗ್ರಹದ ಫೋಟೊ ತೆಗೆದು, ಹಿಂದೆ ಊರಿನ ಹೆಸರು ಬರೆದು ಇಟ್ಟರು. ಅಷ್ಟೇ ಕೆಲಸ.

ಹೋಲಿಸಿ ನೋಡುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನದೇ ಶಿವಪುರಂ ನಟರಾಜನ ಕತೆ ಇದೆ. ರಿಪೇರಿಗೆಂದು ಹೋದ ವಿಗ್ರಹದ ಬದಲು ಅದರ ನಕಲು ದೇವಸ್ಥಾನಕ್ಕೆ ವಾಪಸ್ ಬಂತು. ಊರಿನವರು ವರ್ಷಗಟ್ಟಲೆ ನಕಲಿಗೇ ಕೈಮುಗಿದರು. ಅಸಲು ಅಮೆರಿಕ ತಲುಪಿತ್ತು. ತಿರುಗಿ ಬಂದದ್ದು 1986ರಲ್ಲಿ.

ಇವೆಲ್ಲ ದೊಡ್ಡ ದೇವರ ಕತೆ. ಪತ್ರಿಕೆಯಲ್ಲಿ ಬರುತ್ತವೆ. ನಮ್ಮ ಬೆರಳುದ್ದದ ನಂದಿ ಕಳೆದುಹೋದರೆ ಅದರ ಹಿಂದೆ ಯಾರೂ ಹೋಗುವುದಿಲ್ಲ. ಹೋಗಬೇಕು ಎಂದು ನಾನೂ ಹೇಳುವುದಿಲ್ಲ. ಕರಗುವ ಮುಂಚೆ ಒಂದು ಫೋಟೊ ಇರಲಿ ಎನ್ನುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟು. ತಿಂಗಳಿಗೊಂದು ಭಾನುವಾರ ಒಂದೊಂದು ಬಡಾವಣೆಯಲ್ಲಿ ಒಂದು ಕ್ಯಾಂಪ್ ಮಾಡಿ. ಕಣ್ಣು ತಪಾಸಣೆಗೆ ಮಾಡುವುದಿಲ್ಲವೇ, ಆಧಾರ್‌ಗೆ ಮಾಡಲಿಲ್ಲವೇ, ಹಾಗೆ. ಮೊದಲು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಏಕೆಂದರೆ ಹಳೆ ಮನೆಗಳು ಬೀಳುತ್ತಿರುವುದು ಅಲ್ಲೇ. ಒಂದು ಮೇಜು, ಒಂದು ಬಿಳಿ ಬಟ್ಟೆ, ಒಂದು ಸ್ಕೇಲು, ಒಂದು ಕ್ಯಾಮೆರಾ, ವಿಗ್ರಹ ಬಲ್ಲವರು ಒಬ್ಬರು. ತಕ್ಕಡಿಯೂ ಇರಲಿ, ತೂಕವನ್ನೂ ಬರೆದುಕೊಳ್ಳಬೇಕಲ್ಲ. ಈ ಒಂದು ಸಲ ಅದು ಒಳ್ಳೆ ಕೆಲಸಕ್ಕೆ ಬರಲಿ. ಮುಂದಿನಿಂದ, ಹಿಂದಿನಿಂದ, ಪೀಠದ ಅಡಿಯಿಂದ ಫೋಟೊ ತೆಗೆಯಿರಿ. ಯಾರ ಮನೆಯದು, ಯಾವ ಊರಿಂದ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆದುಕೊಳ್ಳಿ. ಅವರು ಹೇಳುವ ಕತೆಯೇ ಅದರ ಕಾಗದ. ನೂರು ವರ್ಷದ್ದು ಎಂದು ಕಂಡರೆ ಅಲ್ಲೇ ಅರ್ಜಿ ತುಂಬಿಸಿ. ಹೊಸದಾದರೆ ಹೊಸದು ಎಂದು ಬರೆದುಕೊಡಿ. ಸಿಯಾಟಲ್‌ಗೆ ಹೋಗುವವರಿಗೆ ದಾರಿ ಹೇಳಿ. ದೇಶದ ಪುರಾವಸ್ತುಗಳ ಪಟ್ಟಿ ಮಾಡಲೆಂದು 2007ರಲ್ಲಿ ರಾಷ್ಟ್ರೀಯ ಮಿಷನ್ ಒಂದು ಶುರುವಾಗಿದೆ. ಅದಕ್ಕೆ ನಮ್ಮ ದೇವರ ಮನೆಗಳ ಪುಟವೂ ಸೇರಲಿ.

ಮುಖ್ಯವಾದದ್ದು ಇನ್ನೊಂದು. ಕ್ಯಾಂಪಿನ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ: "ಬಿಲ್ ಕೇಳುವುದಿಲ್ಲ. ತಂದವರನ್ನು ಕಳ್ಳರೆಂದು ನೋಡುವುದಿಲ್ಲ." 15 ದಿನದ ಗಡುವು ಎಂದೋ ಮುಗಿದುಹೋದವರೇ ಬರುವವರೆಲ್ಲ. ನೋಂದಣಿ ಮಾಡಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು, ವಸ್ತು ಜಪ್ತಿ ಆಗಬಹುದು ಎಂದು ಕಾಯ್ದೆ ಹೇಳುತ್ತದೆ. ತಾವಾಗಿ ತಂದು ತೋರಿಸಿದವರ ಮೇಲೆ ಅದನ್ನು ಎತ್ತುವುದಿಲ್ಲ ಎಂದು ನಿಮ್ಮ ಮೇಲಿನವರಿಂದ ಒಂದು ಮಾತು ಕೊಡಿಸಿ. ಲಿಖಿತವಾಗಿ. ಕಾಯ್ದೆ ತಿದ್ದಬೇಕೋ, ಸುತ್ತೋಲೆ ಸಾಕೋ, ಅದು ನೀವು ಬಲ್ಲಿರಿ.

ಇಟ್ಟುಕೊಳ್ಳಲು ಮನಸ್ಸಿಲ್ಲದವರೂ ಬರುತ್ತಾರೆ, ಚಾಮರಾಜಪೇಟೆಯ ಆ ಮನುಷ್ಯನ ಹಾಗೆ. ಅವರಿಗೆ ಒಂದು ಜಾಗ ತೋರಿಸಿ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರಿಂದ ಇದೆ. ಅಲ್ಲಿ ಬೆಂಗಳೂರಿನ ಮನೆದೇವರಿಗೆ ಒಂದು ಗಾಜಿನ ಕಪಾಟು ಕೊಡಬಹುದಲ್ವಾ? ಅಲ್ಲಿ ನೈವೇದ್ಯದ ಚಿಂತೆ ಇಲ್ಲ. ಶಾಲೆ ಮಕ್ಕಳು ದಿನವೂ ನೋಡುತ್ತಾರೆ. ಗುಜರಿ ಅಂಗಡಿಯವರನ್ನೂ ಬಿಡಬೇಡಿ. ಅವರ ಮೇಲೆ ಕೇಸ್ ಹಾಕಿ ಎನ್ನುತ್ತಿಲ್ಲ. ಗೋಡೆಗೆ ಒಂದು ಪೋಸ್ಟರ್, ಒಂದು ಫೋನ್ ನಂಬರ್. ಮೂಟೆಯಲ್ಲಿ ದೇವರು ಬಂದರೆ ಒಂದು ಫೋನ್ ಮಾಡುತ್ತಾರೆ. ನನಗೇ ಮಾಡುತ್ತಿದ್ದರು, ಚಿಲ್ಲರೆ ಕಾಸಿಗೆ. ನಿಮಗೆ ಮಾಡುವುದಿಲ್ಲವೇ?

ಓದುತ್ತಿರುವ ಮನೆಯವರಿಗೂ ಒಂದು ಮಾತು. ಕ್ಯಾಂಪ್ ಆಗುವವರೆಗೆ ಕಾಯಬೇಡಿ. ನಾಳೆ ಪೂಜೆಗೆ ಮುಂಚೆ, ಹೂವು ತೆಗೆದಾಗ, ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ಅದರ ಕತೆ ಕೇಳಿ ಬರೆದಿಡಿ. ಮತ್ತೆ, ದಯವಿಟ್ಟು ಬಫಿಂಗ್ ಮಾಡಿಸಬೇಡಿ. ಹಬ್ಬಕ್ಕೆ ಪಳಪಳ ಹೊಳೆಯಲಿ ಎಂದು ಮೆಷಿನ್ನಿಗೆ ಕೊಟ್ಟರೆ ನೂರು ವರ್ಷದ ಗೆರೆ ಐದು ನಿಮಿಷಕ್ಕೆ ಹೋಗುತ್ತದೆ. ಹುಣಸೆಹಣ್ಣಿನ ಸವೆತಕ್ಕೆ ನಾಲ್ಕು ತಲೆಮಾರು ಬೇಕಿತ್ತು. ಎಲ್ಲಾದರೂ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದನ್ನು ನೀರಲ್ಲಿ ತೊಳೆಯಬೇಡಿ, ಒಣ ಜಾಗದಲ್ಲಿ ಇಡಿ, ಬಲ್ಲವರಿಗೆ ತೋರಿಸಿ. ಅದು ಲೋಹಕ್ಕೆ ಹತ್ತಿದ ಕಾಯಿಲೆ. ತೇವ ಸಿಕ್ಕಿದರೆ ಒಳಕ್ಕೆ ಇಳಿಯುತ್ತದೆ.

ಈಗ ಆ ಒಂದು ವಿಗ್ರಹ.

2009ರಲ್ಲಿ ಪರಿಚಯದವರೊಬ್ಬರ ಮೂಲಕ ಒಬ್ಬ ಮನುಷ್ಯ ಮನೆಗೆ ಬಂದ. ಟವೆಲ್ಲಿನಲ್ಲಿ ಸುತ್ತಿದ ಒಂದು ದೇವಿಯನ್ನು ಬಿಚ್ಚಿ ಇಟ್ಟ. "ಒಳ್ಳೆ ಪೀಸ್ ಸಾರ್, ಮನೇದು" ಎಂದ. ನಿಂತ ದೇವಿ. ಅಷ್ಟು ಚೆಂದದ ಮುಖ ನಾನು ಅದಕ್ಕೆ ಮುಂಚೆ ಕೈಯಲ್ಲಿ ಹಿಡಿದಿರಲಿಲ್ಲ. ಎಲ್ಲಿಂದ ಬಂತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಎಲ್ಲಿ ಬಿಟ್ಟುಬಿಡಬೇಕಾಗುತ್ತದೋ ಎಂಬ ಭಯ. ಪಿ.ಎಫ್. ಸಾಲ ತೆಗೆದು ದುಡ್ಡು ಕೊಟ್ಟೆ. ಅದರ ಪೀಠದಲ್ಲಿ ನಾಲ್ಕು ಮೂಲೆಗೆ ನಾಲ್ಕು ತೂತುಗಳಿದ್ದವು. ಪ್ರಭಾವಳಿ ಸಿಕ್ಕಿಸಲು ಇರಬೇಕು ಎಂದುಕೊಂಡೆ. ಅಂದರೆ, ಹಾಗೆ ಅಂದುಕೊಳ್ಳಲು ನನಗೆ ಇಷ್ಟ ಇತ್ತು.

ಎರಡು ವರ್ಷ ಆದ ಮೇಲೆ ಮಾಗಡಿ ಕಡೆಯ ಒಂದು ಹಳ್ಳಿಗೆ ನೆಂಟರ ಮನೆಗೆ ಹೋಗಿದ್ದೆ. ಅಂದು ಊರಲ್ಲಿ ಉತ್ಸವ. ಅರ್ಚಕರು ಪುಟ್ಟ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಪೀಠದ ಮೂಲೆಯ ತೂತುಗಳಲ್ಲಿ ಹಗ್ಗ ಪೋಣಿಸಿ, ಅಲುಗಾಡದ ಹಾಗೆ ಬಿಗಿಯಾಗಿ ಕಟ್ಟಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮನೆಯ ದೇವರಿಗೆ ಹಗ್ಗ ಕಟ್ಟುವ ಕೆಲಸ ಏನಿದೆ? ಮನೆಯ ದೇವರು ಬೀದಿಗೆ ಹೋಗುವುದಿಲ್ಲ. ಅಂದು ಪ್ರಸಾದ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಬಂದು ದೇವಿಯನ್ನು ತಲೆಕೆಳಗೆ ಮಾಡಿ ಟಾರ್ಚ್ ಹಾಕಿದೆ. ತೂತುಗಳ ಒಳಗಿನ ಅಂಚು ಹಗ್ಗ ತಿಂದು ನುಣ್ಣಗಾಗಿತ್ತು. ಪೀಠದ ಅಡಿಯಲ್ಲಿ ಉಳಿಯಲ್ಲಿ ಗೀರಿದ ಕನ್ನಡ ಅಕ್ಷರಗಳಿದ್ದವು. ಮೊದಲಿನವು ಸವೆದಿವೆ. ಓದಲು ಬರುವುದು ಮೂರೇ ಅಕ್ಷರ: ಪುರದ.

ಪುರ ಎಂದು ಮುಗಿಯುವ ಊರು ನಮ್ಮಲ್ಲಿ ಒಂದೇ, ಎರಡೇ?

ಅಂದಿನಿಂದ ಅದು ನನ್ನ ಬೀರುವಿನಲ್ಲಿ ಅಪ್ಪನ ಹಳೆಯ ಪಂಚೆಯೊಳಗೆ ಇದೆ. ಮಾರಲಿಲ್ಲ, ಪೂಜೆ ಮಾಡಲಿಲ್ಲ, ಯಾರಿಗೂ ತೋರಿಸಲಿಲ್ಲ. ಅಂದು ಆ ಕಚೇರಿಯಲ್ಲಿ "ಯಾವ ದೇವಸ್ಥಾನದ್ದು ಸಾರ್?" ಎಂದಾಗ ನನಗೆ ಬೆವರು ಬಂದದ್ದು ಮೇಜಿನ ಮೇಲಿದ್ದ ಕೃಷ್ಣನಿಗಾಗಿ ಅಲ್ಲ. ಉಳಿದವರಿಗೆ ಹೆದರಬೇಡಿ ಎಂದು ಹೇಳುವ ಮುಂಚೆ ನಾನು ತೋರಿಸಬೇಕು, ಅಲ್ವಾ? ನಿಮಗೆ ಕಳಿಸುತ್ತಿರುವ ಪ್ರತಿಯಲ್ಲಿ ನನ್ನ ಹೆಸರು, ವಿಳಾಸ, ಫೋನ್ ನಂಬರ್ ಇದೆ. ಜೊತೆಗೆ ದೇವಿಯ ಆರು ಫೋಟೊ, ಉಳಿದ ನಲವತ್ತರ ಪಟ್ಟಿ. ನೀವು ಕೇಸ್ ಹಾಕಿದರೆ ಹಾಕಿ. ಆದರೆ ಮೊದಲು ಊರು ಹುಡುಕಿ.

ಯಾವ ದಿನ ತರಲಿ, ಯಾರನ್ನು ಕಾಣಲಿ ಎಂದು ತಿಳಿಸಿ. ಗುರುವಾರ ಕಣ್ಣಿನ ಆಸ್ಪತ್ರೆಗೆ ಹೋಗುವುದಿರುತ್ತದೆ, ಅದೊಂದು ದಿನ ಬಿಟ್ಟು ಯಾವತ್ತಾದರೂ ಬರುತ್ತೇನೆ.

ಇದನ್ನು ಓದುವವರಲ್ಲಿ ಯಾರ ಊರಿನ ಗುಡಿಯಲ್ಲಾದರೂ 2009ಕ್ಕೆ ಮುಂಚೆ ಉತ್ಸವದ ಅಮ್ಮ ಕಾಣೆಯಾಗಿದ್ದರೆ ದಯವಿಟ್ಟು ಅಧಿಕಾರಿಗಳಿಗೆ ತಿಳಿಸಿ. ಎತ್ತರ 21 ಸೆಂ.ಮೀ. ಬಲಗೈ ಹೂವು ಹಿಡಿದ ಹಾಗೆ ಮೇಲೆತ್ತಿದೆ, ಹೂವು ಇಲ್ಲ. ಎಡಗೈ ಇಳಿಬಿಟ್ಟಿದೆ. ಎಡಗಿವಿಯ ಓಲೆ ಅರ್ಧ ಮುರಿದಿದೆ. ಬೆನ್ನ ಮೇಲೆ ಜಡೆ ಇದೆ, ಜಡೆಯ ತುದಿಯಲ್ಲಿ ಮೂರು ಕುಚ್ಚು.

ಇತಿ,
ಬಸವನಗುಡಿಯ ಒಬ್ಬ ನಿವೃತ್ತ ಗುಮಾಸ್ತ